ಹನ್ನೊಂದು ದೇಶ, ಒಂದು ಡಬ್ಬಿ ಚಪಾತಿ

ಹೋದ ವಾರ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ನ್ಯೂಜೆರ್ಸಿಯಲ್ಲಿದ್ದಾನೆ. ನಂಜನಗೂಡಿನಿಂದ ಚಿಕ್ಕಪ್ಪ-ಚಿಕ್ಕಮ್ಮ ಮೊದಲ ಸಲ ಅಲ್ಲಿಗೆ ಹೋಗ್ತಾ ಇದ್ದಾರೆ. ಮಕ್ಕಳ ರಜೆಗೆ ಎಲ್ಲರನ್ನೂ ಕರ್ಕೊಂಡು ಆರ್ಲ್ಯಾಂಡೋಗೆ ಹೋಗೋ ಯೋಚನೆ. "ಅಣ್ಣ, ನೀನು ಹೋಗಿದ್ಯಲ್ಲ, ಎಪ್ಕಾಟ್‌ನಲ್ಲಿ ಯಾವ ದೇಶದ ರೆಸ್ಟೋರೆಂಟ್ ಬುಕ್ ಮಾಡ್ಲಿ?" ಅಂತ ಕೇಳಿದ. ಫೋನಿನಲ್ಲಿ ಏನೋ ಎರಡು ಮಾತು ಹೇಳಿ ಇಟ್ಟೆ. ಆದ್ರೆ ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಹಾಗಾಗಿ ತುಂಬಾ ದಿನಗಳ ನಂತರ ಬ್ಲಾಗಿನ ಧೂಳು ಹೊಡೆದು ಬರೀತಾ ಇದ್ದೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಎಪ್ಕಾಟ್ ಅಂದ್ರೆ ಡಿಸ್ನಿಯವರು 1982ರಲ್ಲಿ ಫ್ಲೋರಿಡಾದಲ್ಲಿ ತೆರೆದ ಪಾರ್ಕು. ಅದರ ಒಂದು ಭಾಗದಲ್ಲಿ ಒಂದು ದೊಡ್ಡ ಕೆರೆ. ಕೆರೆ ಸುತ್ತ ಹನ್ನೊಂದು ದೇಶಗಳು! ಮೆಕ್ಸಿಕೋದಿಂದ ಶುರು ಮಾಡಿದ್ರೆ ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕೊ, ಫ್ರಾನ್ಸ್, ಇಂಗ್ಲೆಂಡ್, ಕೆನಡಾ. ಒಂದು ಸುತ್ತು ಬಂದ್ರೆ ಹತ್ತಿರ ಹತ್ತಿರ 2 ಕಿಲೋಮೀಟರ್. ಒಂದೊಂದು ದೇಶದಲ್ಲೂ ಅಲ್ಲಿನ ಥರದ ಕಟ್ಟಡ, ಅಂಗಡಿ, ಊಟದ ಜಾಗ. ಒಳ್ಳೆಯ ಕಡೆ ಕೂತು ತಿನ್ನಬೇಕು ಅಂದ್ರೆ 60 ದಿನ ಮೊದಲೇ ಬುಕಿಂಗ್ ತೆರೆಯುತ್ತೆ, ಬುಕ್ ಮಾಡಿ ಹೋಗದಿದ್ರೆ ತಲೆಗಿಷ್ಟು ಅಂತ ದಂಡ. ಅಂದಹಾಗೆ ಆ ಹನ್ನೊಂದರಲ್ಲಿ ಇಂಡಿಯಾ ಇಲ್ಲ. ಕೆಲವು ವರ್ಷ ಫುಡ್ ಅಂಡ್ ವೈನ್ ಹಬ್ಬದ ಹೊತ್ತಿಗೆ ಇಂಡಿಯಾ ಹೆಸರಲ್ಲಿ ಒಂದು ಪುಟ್ಟ ಅಂಗಡಿ ಹಾಕಿದ್ದುಂಟು, ಅಷ್ಟೆ.

ನಾವು ಹೋಗಿದ್ದು 2018ರ ಡಿಸೆಂಬರ್‌ನಲ್ಲಿ. ಅಕ್ಕ-ಭಾವ ಆಗ ಅಟ್ಲಾಂಟಾದಲ್ಲಿದ್ರು. ನಾನು ಆಫೀಸ್ ಕೆಲಸಕ್ಕೆ ಅಂತ ಹೋದವನು ಹತ್ತು ದಿನ ರಜ ಹಾಕಿದ್ದೆ, ಅಪ್ಪ-ಅಮ್ಮ ಮೂರು ತಿಂಗಳಿಂದ ಅಲ್ಲೇ ಇದ್ರು. ಅಕ್ಕ ಎಕ್ಸೆಲ್ ಶೀಟ್ ಮಾಡಿದ್ಲು. ಬೆಳಗ್ಗೆ 9ಕ್ಕೆ ಇದು, 10.20ಕ್ಕೆ ಅದು, ಮಧ್ಯಾಹ್ನ 2.40ಕ್ಕೆ ಊಟ. ಯಾವ ದೇಶದಲ್ಲಿ ಊಟ ಅಂತ ಮನೇಲಿ ಒಂದು ವಾರ ಚರ್ಚೆ ಆಗಿತ್ತು. ಭಾವನಿಗೆ ಮೆಕ್ಸಿಕೋ, ಅಕ್ಕನ ಮಗಳಿಗೆ ಪೀಜಾ, ಮಗನಿಗೆ ನೂಡಲ್ಸ್. (ನೂಡಲ್ಸ್‌ಗೆ ಅಮೆರಿಕಕ್ಕೆ ಯಾಕೋ ಬರಬೇಕು, ನೆಸ್ಲೆ ಫ್ಯಾಕ್ಟರಿ ನಮ್ಮ ನಂಜನಗೂಡಲ್ಲೇ 1989ರಿಂದ ಇದೆ, ಮ್ಯಾಗಿ ಅಲ್ಲೇ ಆಗುತ್ತೆ ಅಂತ ನಾನು ಹೇಳಿದ್ರೆ ಅವನು ನಂಬಲಿಲ್ಲ :) ) ನನಗೆ ಎಲ್ಲವೂ. ಅಪ್ಪನಿಗೆ ಕಾಫಿ ಸಿಕ್ಕಿದ್ರೆ ಸಾಕು.

ಅಮ್ಮನನ್ನ ಕೇಳಿದ್ವಾ? ಕೇಳಿದ್ವಿ. "ನನ್ನದೇನಿದೆ, ನಿಮಗೆಲ್ಲಿ ಇಷ್ಟಾನೋ ಅಲ್ಲೇ" ಅಂದ್ರು. ನಾವು ಅದನ್ನ ಉತ್ತರ ಅಂದ್ಕೊಂಡ್ವಿ.

ಹೊರಡೋ ದಿನ ಬೆಳಗ್ಗೆ ಅಮ್ಮ ಎದ್ದು ಚಪಾತಿ ಮಾಡಿ, ಡಬ್ಬಿಗೆ ಚಟ್ನಿಪುಡಿ ಜೊತೆ ಹಾಕಿ ಇಟ್ಟಿದ್ರು. ಭಾವ ನಕ್ಕರು. "ಅತ್ತೆ, ಇಷ್ಟು ದುಡ್ಡು ಕೊಟ್ಟು ಹೋಗಿ ಚಪಾತಿ ತಿನ್ನೋದಾ? ಒಳಗೆ ಬಿಡಲ್ಲ ಕೂಡ." ನಮ್ಮ ಕಡೆಯ ಪಾರ್ಕುಗಳ ಗೇಟಿನಲ್ಲಿ ಬ್ಯಾಗ್ ಬಿಚ್ಚಿಸಿ ಪುಳಿಯೋಗರೆ ಆಚೆ ಇಡಿಸಿದ ಅನುಭವ ನನಗೂ ಇತ್ತು, ಹಾಗಾಗಿ ನಾನೂ ತಲೆ ಆಡಿಸಿದೆ. ಡಬ್ಬಿ ಹೋಟೆಲ್ ರೂಮಿನಲ್ಲೇ ಉಳೀತು. ಆಮೇಲೆ ಗೊತ್ತಾಯ್ತು, ಡಿಸ್ನಿಯಲ್ಲಿ ಮನೆ ಊಟ ಒಳಗೆ ತಗೊಂಡು ಹೋಗಬಹುದು. ಗಾಜಿನ ಸೀಸೆ, ಹೆಂಡ ಇರಬಾರದು, ಅಷ್ಟೇ. ಅರವತ್ತು ದಿನ ಮುಂಚೆ ಎಲ್ಲಾ ಓದಿ ಬುಕ್ ಮಾಡಿದ ನಾವು ಇದೊಂದು ಸಾಲು ಓದಿರಲಿಲ್ಲ.

ಅಮ್ಮನಿಗೆ ಶುಗರ್. ಹನ್ನೆರಡೂವರೆಗೆ ಊಟಕ್ಕೆ ಮುಂಚೆ ಒಂದು ಮಾತ್ರೆ, ವರ್ಷಗಳಿಂದ ತಪ್ಪಿಲ್ಲ. ಅವತ್ತೂ ತಪ್ಪಲಿಲ್ಲ. ಊಟ ಮಾತ್ರ 2.40ಕ್ಕೆ. ಅಷ್ಟರಲ್ಲಿ ಅರ್ಧ ಪ್ರಪಂಚ ನಡೆದಿದ್ವಿ. ಕೊನೆಗೆ ಒಳಗೆ ಕೂತಾಗ ಮೆನು ನೋಡಿದ್ರೆ ಅಮ್ಮ ತಿನ್ನೋ ಅಂಥದ್ದು ಏನೂ ಕಾಣಲಿಲ್ಲ. ಅನ್ನ ಇದೆ, ಆದ್ರೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದು. ಅವರು ಕೇಳಿದ್ದಕ್ಕೆ ನಿಜ ಹೇಳಿದ್ರು ಪಾಪ. ಯಾವ ದೇಶ ಅಂತ ಹೇಳಲ್ಲ, ತಪ್ಪು ಅವರದ್ದಲ್ಲ. ಬಡಿಸೋ ಹುಡುಗಿ "ಬೇರೆ ಏನಾದ್ರೂ ಮಾಡಿಸ್ತೀನಿ" ಅಂದ್ರೂ ಅಮ್ಮ "ನಂಗೆ ಹಸಿವೇ ಇಲ್ಲ ಕಣೋ, ನೀವು ತಿನ್ನಿ" ಅಂತ ಕೈ ಕಟ್ಟಿ ಕೂತ್ರು. ನಾವು ಏನ್ಮಾಡಿದ್ವಿ ಗೊತ್ತಾ? ತಿಂದ್ವಿ. ಚೆನ್ನಾಗಿಯೇ ಇತ್ತು.

ಹತ್ತು ನಿಮಿಷ ಆಗಿರಬೇಕು. ಅಮ್ಮನ ಹಣೆ ಮೇಲೆ ಬೆವರು. ಎ.ಸಿ.ಯಲ್ಲಿ! ಕೈ ನಡುಗ್ತಾ ಇತ್ತು, ಮಾತು ತೊದಲ್ತಾ ಇತ್ತು. ಅಕ್ಕನ ಮಗಳ ಬ್ಯಾಗಿನಲ್ಲಿ ಒಂದು ಜ್ಯೂಸ್ ಪೊಟ್ಟಣ ಇತ್ತು, ಅದನ್ನ ಕುಡಿಸಿದ್ವಿ. ಹದಿನೈದು ನಿಮಿಷದಲ್ಲಿ ಸುಧಾರಿಸಿಕೊಂಡ್ರು. ಸುಧಾರಿಸಿಕೊಂಡ ಮೇಲೆ ಅವರು ಹೇಳಿದ ಮೊದಲ ಮಾತು "ನನ್ನಿಂದ ನಿಮ್ಮ ಊಟ ಹಾಳಾಯ್ತು". ನನಗೆ ಇವತ್ತಿಗೂ ಆ ಮಾತು ನೆನಪಾದ್ರೆ ಗಂಟಲು ಕಟ್ಟುತ್ತೆ.

ನನ್ನ ಅಭಿಪ್ರಾಯ ಇಷ್ಟೇ. ಇಂಥ ಕಡೆ ಎಲ್ಲಿ ತಿನ್ನಬೇಕು ಅಂತ ಆರಿಸುವಾಗ ನಾವು ಶುರು ಮಾಡೋದೇ ತಪ್ಪು ತುದಿಯಿಂದ. ಯಾರಿಗೆ ಹನ್ನೊಂದು ದೇಶದಲ್ಲೂ ತಿನ್ನೋಕೆ ಆಗುತ್ತೋ ಅವರೇ ಜಗಳ ಆಡಿ ತೀರ್ಮಾನ ಮಾಡ್ತೀವಿ. ಒಂದೋ ಎರಡೋ ಕಡೆ ಮಾತ್ರ ತಿನ್ನೋಕೆ ಆಗೋರು ಸುಮ್ಮನೆ ಇರ್ತಾರೆ. ಲೆಕ್ಕ ಉಲ್ಟಾ ಆಗಬೇಕು. ಅಮ್ಮನಿಗೆ ಎಲ್ಲಿ ಆಗುತ್ತೆ, ಎಷ್ಟು ಹೊತ್ತಿಗೆ ಆಗಬೇಕು ಅನ್ನೋದು ಮೊದಲು. ನನ್ನ ನಾಲಿಗೆ ಚಪಲ ಉಳಿದದ್ದರಲ್ಲಿ. ಹಂಗಂತ ಎಲ್ಲರೂ ಮೊಸರನ್ನ ತಿನ್ನಿ ಅಂತ ನಾನು ಹೇಳ್ತಾ ಇಲ್ಲ. ಭಾವ ಹೇಳಿದ್ದರಲ್ಲೂ ಅರ್ಧ ನಿಜ ಇದೆ. ಅಷ್ಟು ದೂರ ಹೋಗಿ ಹೊಸ ರುಚಿಗೆ ಬಾಯಿ ಮುಚ್ಚಿಕೊಳ್ಳೋದು ನನಗೆ ಹಿಡಿಸಲ್ಲ. ಪ್ಯಾರಿಸ್ಸಿನಲ್ಲಿ ಬಿಸಿಬೇಳೆಬಾತ್ ಹುಡುಕೋ ನಮ್ಮವರನ್ನ ನಾನೂ ಆಡಿಕೊಂಡು ನಕ್ಕಿದ್ದೀನಿ.

ಆದ್ರೆ ಅಮ್ಮ ಹೊಸ ರುಚಿ ಬೇಡ ಅಂದವರೇ ಅಲ್ಲ. ಅವತ್ತು ಸಂಜೆ ಮೊರಾಕೊ ಕಡೆ ಬಂದ್ವಿ. ನಾನೇ ಹೋಗಿ ಕೌಂಟರಿನಲ್ಲಿ ಒಂದೊಂದನ್ನೂ ಕೇಳಿ ಕೇಳಿ ಒಂದು ತಟ್ಟೆ ತಂದೆ. ರೊಟ್ಟಿ ಥರದ ಬ್ರೆಡ್ಡು, ಕಾಬೂಲ್ ಕಡಲೆ ರುಬ್ಬಿದ ಹಮ್ಮಸ್, ಬೇಳೆ ಕೋಸಂಬರಿ ಅಂತಲೇ ಅನ್ನಬಹುದಾದ ಒಂದು ಸಲಾಡ್. ಅಮ್ಮ ಬೆರಳಲ್ಲಿ ಹಮ್ಮಸ್ ನೆಕ್ಕಿ ನೋಡಿದ್ರು. "ಇದು ಕಡ್ಲೆ ಅಲ್ವೇನೋ? ಒಂದು ಒಗ್ಗರಣೆ ಬಿದ್ದಿದ್ರೆ ಇನ್ನೂ ಚೆನ್ನಾಗಿರೋದು." ಪೂರ್ತಿ ತಟ್ಟೆ ಖಾಲಿ ಮಾಡಿದ್ರು. ತಟ್ಟೆ ಕೊಟ್ಟ ಹುಡುಗನ ಎದೆ ಮೇಲಿನ ಬ್ಯಾಡ್ಜಿನಲ್ಲಿ ಅವನ ಊರಿನ ಹೆಸರಿತ್ತು. ಅಮ್ಮ ಅದೆಲ್ಲಿದೆ, ಅಪ್ಪ-ಅಮ್ಮ ಇದ್ದಾರಾ ಅಂತೆಲ್ಲಾ ನನ್ನ ಕೈಲಿ ಕೇಳಿಸಿದ್ರು. ಬೆಳಗ್ಗೆಯಿಂದ ಅವರು ಖುಷಿಯಾಗಿದ್ದನ್ನ ನಾನು ನೋಡಿದ್ದು ಆಗಲೇ.

ಊಟದ ವಿಷಯದಲ್ಲಿ ಅಮ್ಮ ದಡ್ಡಿಯೇನಲ್ಲ. ಅವರ ತವರು ತಿ. ನರಸೀಪುರ, ಮದುವೆಯಾಗಿ ಬಂದಿದ್ದು ನಂಜನಗೂಡಿಗೆ. (ಕಪಿಲೆ ನಂಜನಗೂಡಿಂದ ಹರಿದು ನರಸೀಪುರದಲ್ಲಿ ಕಾವೇರಿ ಸೇರ್ತಾಳೆ, ನಾನು ಮಾತ್ರ ಹೊಳೆಗೆ ಎದುರಾಗಿ ಬಂದೆ ಅಂತ ಅವರದ್ದೊಂದು ಹಳೇ ಜೋಕು.) ನಂಜನಗೂಡಿನ ದೊಡ್ಡ ಜಾತ್ರೆ ದಿನ ಐದು ತೇರು ಎಳೀತಾರೆ, ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಾವು ಒಂಬತ್ತು ಮಕ್ಕಳು, ನಮ್ಮದು, ಚಿಕ್ಕಪ್ಪಂದಿರದ್ದು, ಅತ್ತೆಯದ್ದು ಎಲ್ಲಾ ಸೇರಿ. ಅಮ್ಮ ನಮ್ಮನ್ನ ತೇರು ಹೊರಡೋ ಮೊದಲೇ ಏನಾದ್ರೂ ತಿನ್ನಿಸಿ ಹೊರಡಿಸೋರು. ಎಲ್ಲಿ ಪಾನಕ ಕೊಡ್ತಾರೆ, ಯಾವ ಬೀದಿಯಲ್ಲಿ ಮಜ್ಜಿಗೆ, ಯಾರ ಮನೆ ಜಗಲಿಯಲ್ಲಿ ಕೂರಬಹುದು, ಎಲ್ಲಾ ತಲೆಯಲ್ಲಿ ಇರೋದು. ನಮ್ಮಲ್ಲಿ ಒಬ್ಬನಿಗೆ ಹುಳಿ ತಿಂದ್ರೆ ವಾಂತಿ ಆಗೋದು. ಅವನಿಗೇನು ಅಂತ ಮೊದಲು ನೋಡಿ ಆಮೇಲೆ ಉಳಿದ ಎಂಟು ಜನಕ್ಕೆ. ಎಕ್ಸೆಲ್ ಶೀಟ್ ಗೊತ್ತಿಲ್ಲದ ಹೆಂಗಸು ಮಾಡ್ತಾ ಇದ್ದ ಕೆಲಸವನ್ನ ಎಕ್ಸೆಲ್ ಗೊತ್ತಿದ್ದ ನಾವು ಮಾಡಲಿಲ್ಲ.

ಜಾತ್ರೆ ಊಟ ಅಂದ ಕೂಡಲೇ ಎಲ್ಲಾ ಚಿನ್ನ ಅಂತ ಬರೆಯೋ ಚಟ ನಮ್ಮ ಬ್ಲಾಗಿಗರಿಗೆ ಇದೆ, ನನ್ನನ್ನೂ ಸೇರಿಸಿ. ಸುತ್ತೂರು ನಮ್ಮ ತಾಲೂಕಿನದ್ದೇ, ಅಲ್ಲಿಯ ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನಕ್ಕೆ ದಾಸೋಹ ನಡೆಯೋದನ್ನ ನೋಡಿದ್ರೆ ನಿಜಕ್ಕೂ ಬೆರಗಾಗುತ್ತೆ. ಆದ್ರೆ ಎಲ್ಲಿ ಉಣ್ಣಬೇಕು ಅನ್ನೋ ಆಯ್ಕೆ ನಮ್ಮ ಊರುಗಳಲ್ಲಿ ಯಾವಾಗಲೂ ಇಷ್ಟು ಮುಗ್ಧವಾಗಿರಲಿಲ್ಲ. ನಮ್ಮ ಅಜ್ಜ (ಅಮ್ಮನ ಅಪ್ಪ) ನರಸೀಪುರದ ಸಂತೆಗೆ ಬೆಳಗ್ಗೆ ಹೋದವರು ಸಂಜೆ ತನಕ ಹೋಟೆಲಿನಲ್ಲಿ ಒಂದು ಲೋಟ ನೀರೂ ಕುಡೀತಿರಲಿಲ್ಲ. ಶುದ್ಧ ಅಂತ ನಾವು ಹೆಮ್ಮೆ ಪಡ್ತಿದ್ವಿ. ಅಡಿಗೆ ಯಾರು ಮಾಡಿರ್ತಾರೋ ಅನ್ನೋದೇ ಅದರ ಒಳಗಿನ ಮಾತು ಅಂತ ತಿಳಿದಿದ್ದು ದೊಡ್ಡವನಾದ ಮೇಲೆ. ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ, ಹೊರಗೆ ನಿಂತು ಕುಡಿಯೋ ಕಾಲ ನಮ್ಮ ಅಪ್ಪ ಕಣ್ಣಾರೆ ಕಂಡಿದ್ದು. ನಂಜನಗೂಡು ತಾಲೂಕಿನದ್ದೇ ಬದನವಾಳು. ಅಲ್ಲಿ ದೇವಸ್ಥಾನ ಪ್ರವೇಶದ ಜಗಳದ ಹಿಂದೆಯೇ 1993ರಲ್ಲಿ ಮೂವರು ದಲಿತರ ಕೊಲೆ ಆಯ್ತು. 2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆಯ ಹೊತ್ತಿನಲ್ಲಿ ರಾಹುಲ್ ಗಾಂಧಿ ಅಲ್ಲಿ ಎರಡೂ ಕಡೆಯವರನ್ನ ಒಟ್ಟಿಗೆ ಕೂರಿಸಿ ಊಟ ಮಾಡಿದ್ರು. ರಾಜಕೀಯ ಅನ್ನಿ, ಫೋಟೋಗೆ ಅನ್ನಿ, ನನಗೆ ಅಡ್ಡಿ ಇಲ್ಲ. ಸಾಲಾಗಿ ಕೂತು ಉಣ್ಣೋದೇ ಸುದ್ದಿ ಆಗೋಕೆ ಇಪ್ಪತ್ತೊಂಬತ್ತು ವರ್ಷ ಬೇಕಾಯ್ತು ಅನ್ನೋದನ್ನ ಮಾತ್ರ ಮರೆಯೋಕೆ ಆಗಲ್ಲ.

ಅದಕ್ಕೇ ಅಮ್ಮನ ಸಸ್ಯಾಹಾರ ಬೇರೆ, ಅಜ್ಜನ ಶುದ್ಧ ಬೇರೆ ಅಂತ ನಾನು ಹೇಳೋದು. ಅಮ್ಮ ತಟ್ಟೆಯಲ್ಲಿ ಏನಿದೆ ಅಂತ ನೋಡ್ತಾರೆ, ಯಾರು ಕೊಟ್ರು ಅಂತ ನೋಡಲ್ಲ. ಮೊರಾಕೊ ಹುಡುಗನ ಕೈಯಿಂದ ತಗೊಂಡು ತಿಂದಿದ್ದನ್ನ ಅಜ್ಜ ಇದ್ದಿದ್ರೆ ಒಪ್ಪುತ್ತಿದ್ರಾ? ಗ್ಯಾರಂಟಿ ಇಲ್ಲ. ಅಲರ್ಜಿ, ಶುಗರ್, ಒಗ್ಗದ ಮಾಂಸ, ಇವಕ್ಕೆಲ್ಲಾ ಮನೆಯವರು ಜಾಗ ಮಾಡಿಕೊಡಬೇಕು. "ಅವರು ಮಾಡಿದ್ದು ನಾನು ತಿನ್ನಲ್ಲ" ಅನ್ನೋದಕ್ಕೆ ಮಾಡಿಕೊಡಬೇಕಾಗಿಲ್ಲ.

ಕಳೆದ ವರ್ಷ, 2025ರ ಫೆಬ್ರವರಿ 10ರಿಂದ 12ರವರೆಗೆ ತಿ. ನರಸೀಪುರದಲ್ಲಿ ಕುಂಭಮೇಳ ಆಯ್ತಲ್ಲ, ಅಮ್ಮನನ್ನ ಕರ್ಕೊಂಡು ಹೋಗಿದ್ದೆ. 1989ರಿಂದ ಮೂರು ವರ್ಷಕ್ಕೊಮ್ಮೆ ನಡೀತಾ ಬಂದಿದ್ದು ಕೋವಿಡ್‌ನಿಂದ ಒಂದು ಸುತ್ತು ತಪ್ಪಿ, 2019ರ ನಂತರ ಇದೇ. ಸಂಗಮದ ಹತ್ತಿರ ಕಾಲಿಡೋಕಾಗದಷ್ಟು ಜನ. ಪ್ರಸಾದದ ಸಾಲು ಎಲ್ಲೋ ಶುರುವಾಗಿ ಎಲ್ಲೋ ಹೋಗಿತ್ತು. ಈ ಸಲ ನಾನು ಬುದ್ಧಿವಂತ. ಹನ್ನೆರಡಕ್ಕೇ ಅಮ್ಮನನ್ನ ಒಂದು ಮರದ ನೆರಳಿಗೆ ಕೂರಿಸಿ ಬ್ಯಾಗಿಂದ ಡಬ್ಬಿ ತೆಗೆದೆ. ಅವರು ಮಾತ್ರೆ ನುಂಗಿ, ಎರಡು ಚಪಾತಿ ತಿಂದು, ಕೈ ತೊಳೆದು ಎದ್ದು ನಿಂತ್ರು.

"ನಡಿ, ಸಾಲಿಗೆ ನಿಂತ್ಕೊಳಣ."

"ಈಗ ತಾನೇ ತಿಂದ್ರಲ್ಲಮ್ಮ?"

"ಅದು ಹೊಟ್ಟೆಗೆ. ಇದು ಎಲ್ಲರ ಜೊತೆ."

ಮುಕ್ಕಾಲು ಗಂಟೆ ನಿಂತ್ವಿ. ಮುಂದೆ ಕೊಳ್ಳೇಗಾಲದ ಕಡೆಯವರು ಒಬ್ಬರು, ಹಿಂದೆ ಬನ್ನೂರಿನವರು. ಅಮ್ಮ ಇಬ್ಬರಿಗೂ ಅಮೆರಿಕದ ಕೆರೆ ಸುತ್ತ ಹನ್ನೊಂದು ದೇಶ ಇರೋ ಕಥೆ ಹೇಳಿದ್ರು. ಹೊಟ್ಟೆಗಿಲ್ಲದೆ ಬೆವರಿದ್ದು ಮಾತ್ರ ಹೇಳಲಿಲ್ಲ.

ಮೊನ್ನೆ ಇದನ್ನೆಲ್ಲಾ ಯೋಚಿಸಿ ಚಿಕ್ಕಪ್ಪನ ಮಗನಿಗೆ ತಿರುಗಿ ಫೋನ್ ಮಾಡಿದೆ.

"ಚಿಕ್ಕಮ್ಮನ್ನ ಕೇಳಿದ್ಯಾ?"

"ಕೇಳ್ದೆ ಅಣ್ಣ. ಎಲ್ಲಾದ್ರೂ ಸರಿ ಅಂದ್ರು."

"ಹಂಗೆ ಕೇಳ್ಬೇಡ. ಮಾತ್ರೆ ಎಷ್ಟೊತ್ತಿಗೆ ಅಂತ ಕೇಳು. ಮಂಡಿ ನೋವಿಗೆ ಎಷ್ಟು ದೂರ ನಡೀತಾರೆ ನೋಡು. ಮೆನು ಈಗಲೇ ತೆಗೆದು ಒಂದೊಂದೇ ಓದಿ ಹೇಳು. ಅವರಿಗೆ ಎರಡು ಐಟಂ ಆದ್ರೂ ಸಿಗೋ ಕಡೆ ಹನ್ನೊಂದೂವರೆಗೆ ಬುಕ್ ಮಾಡು. ಡಬ್ಬಿ ತಗೊಂಡು ಹೋಗು, ಬಿಡ್ತಾರೆ. ನಿನಗೆ ಬೇಕಾದ್ದು ಸಂಜೆ ತಿನ್ನು."

ನಿನ್ನೆ ರಾತ್ರಿ ಮೆಸೇಜ್ ಬಂತು. ಹನ್ನೊಂದೂವರೆಗೆ ಸೀಟ್ ಸಿಕ್ಕಿದೆಯಂತೆ. ಚಿಕ್ಕಮ್ಮ ಮೆನು ಕೇಳಿ "ಮೊದ್ಲೇ ಹಿಂಗೆ ಓದಿ ಹೇಳಿದ್ರೆ ಆಗ್ತಿರಲಿಲ್ವಾ" ಅಂತ ಬೈದ್ರಂತೆ. ಈಗ ಹೊಸ ತಕರಾರು ಚಿಕ್ಕಪ್ಪನದ್ದು. ಜಪಾನಿನಲ್ಲಿ ಬಿಸಿ ಹಂಚಿನ ಮೇಲೆ ಈರುಳ್ಳಿ ಪೇರಿಸಿ ಬೆಂಕಿ ಎಬ್ಬಿಸ್ತಾರೆ ಅನ್ನೋ ವಿಡಿಯೋ ಯಾರೋ ತೋರಿಸಿದ್ದಾರೆ. ಅವರು ಈರುಳ್ಳಿ ತಿನ್ನಲ್ಲ. ಆದ್ರೆ ಅದನ್ನ ನೋಡದೆ ವಾಪಸ್ ಬರಲ್ವಂತೆ :)