ಶಾಲಾ ಸಂಕೇತದ ದೋಷದಿಂದ ತಡೆಹಿಡಿದ ಗೌರವಧನ ಬಿಡುಗಡೆ ಕೋರಿ ಮನವಿ ಪತ್ರ

ಇವರಿಗೆ,
ಸದಸ್ಯ ಕಾರ್ಯದರ್ಶಿಗಳು, ಶಾಲಾ ಸಮೀಕ್ಷಾ ಸಮಿತಿ

ಇವರಿಂದ,
ಗುತ್ತಿಗೆ ಆಧಾರದ ಸಮೀಕ್ಷಕರು

ಮಾನ್ಯರೇ,

ಈ ಮೊದಲಿನ ಮನವಿಗಳಿಗೆ ಸ್ವೀಕೃತಿ ಮೊಹರಿನ ಹೊರತು ಬೇರೆ ಉತ್ತರ ಬಂದಿಲ್ಲ. ಈಗ ನಮ್ಮ ನಮೂನೆಗಳ ಮೇಲೆ ‘ನಕಲು ದಾಖಲೆ’ ಎಂಬ ಷರಾ ಬರೆದು ನಮ್ಮ ಗೌರವಧನವನ್ನೇ ತಡೆಹಿಡಿದಿರುವುದರಿಂದ ಮತ್ತೆ ಬರೆಯಬೇಕಾಗಿದೆ.

ಯುಡೈಸ್ ಶಾಲಾ ಸಂಕೇತದ 11 ಅಂಕಿಗಳ ರಚನೆ ತಮಗೆ ತಿಳಿದೇ ಇದೆ: ರಾಜ್ಯಕ್ಕೆ 2, ಜಿಲ್ಲೆಗೆ 2, ಬ್ಲಾಕಿಗೆ 2, ಹಳ್ಳಿಗೆ 3, ಶಾಲೆಗೆ 2. ತಮ್ಮ ದತ್ತಾಂಶ ಶಾಖೆಯವರು ಸ್ಟೇಟಾ ತಂತ್ರಾಂಶದಲ್ಲಿ ಈ ಸಂಕೇತವನ್ನು ‘ಜನರೇಟ್’ ಆಜ್ಞೆಯಿಂದ ಹೊಸ ವೇರಿಯಬಲ್‌ಗೆ ನಕಲಿಸಿ, ಅದರಿಂದ ಹಳ್ಳಿಯ ವೇರಿಯಬಲ್ ತೆಗೆದಿದ್ದಾರೆ. ವಿಧ ನಮೂದಿಸದಿದ್ದರೆ ಆ ಆಜ್ಞೆ ಫ್ಲೋಟ್ ಎಂಬ ಸಂಖ್ಯಾ ವಿಧದ ವೇರಿಯಬಲನ್ನೇ ಸೃಷ್ಟಿಸುತ್ತದೆ. ಫ್ಲೋಟ್‌ನಲ್ಲಿ 1,67,77,216ರವರೆಗಿನ ಪೂರ್ಣಾಂಕಗಳು ಮಾತ್ರ ತಪ್ಪದೆ ಉಳಿಯುವ ಭರವಸೆ ಇದೆ. 29ರಿಂದ ಶುರುವಾಗುವ ನಮ್ಮ ರಾಜ್ಯದ ಸಂಕೇತಗಳು 2048ರ ಅಂತರದಲ್ಲಿ ದುಂಡಾಗುತ್ತವೆ. ಉದಾಹರಣೆಗೆ 29010100101 ಮತ್ತು 29010100201, ಎರಡು ಬೇರೆ ಹಳ್ಳಿಗಳ ಶಾಲೆಗಳು, ಎರಡೂ 29010100224 ಆಗಿಬಿಡುತ್ತವೆ. ಅಂದರೆ ಎರಡನೇ ಹಳ್ಳಿಯ 24ನೇ ಶಾಲೆ! ಅಂಥ ಶಾಲೆಯನ್ನು ನಾವು ನೋಡಿಲ್ಲ, ಶಾಖೆಯವರು ನೋಡಿದ್ದರೆ ತೋರಿಸಲಿ. ಹೀಗೆ ಸುಮಾರು ಇಪ್ಪತ್ತು ಹಳ್ಳಿಗಳು ಒಂದಾದ ಮೇಲೆ ನಕಲು ಕಾಣದೆ ಇನ್ನೇನು ಕಂಡೀತು? ಜಿಲ್ಲೆಯ ಅಂಕಿಗಳು ಮುಂದಿರುವುದರಿಂದ ಸರಿಯಾಗೇ ಬಂದಿವೆ. ಆದ್ದರಿಂದಲೇ ಯಾರಿಗೂ ಸಂಶಯ ಬಂದಿಲ್ಲ. ಮುಖ್ಯೋಪಾಧ್ಯಾಯರ ಸಹಿ, ಶಾಲಾ ಮೊಹರು ಇರುವ ನಮೂನೆಗಳ ಪ್ರತಿ, ಮೂಲ ಕಡತದ ಮುದ್ರಿತ ಪ್ರತಿ, ಶಾಖೆಯ ಆಜ್ಞೆಗಳ ಲಾಗ್, ಮೂಲ ಸಂಕೇತ ಹಾಗೂ ಶಾಖೆಯ ಸಂಕೇತಗಳನ್ನು ಹೋಲಿಸಿದ ಪಟ್ಟಿ ಲಗತ್ತಿಸಿದೆ.

ಆದಕಾರಣ ಸಂಕೇತವನ್ನು ಅಂಕಿಯಾಗಿಸದೆ ಅಕ್ಷರ ಸಾಲಾಗಿಯೇ ಇಟ್ಟು, ‘ಸಬ್‌ಸ್ಟರ್’ ಫಂಕ್ಷನ್ ಮೂಲಕ 7ನೇ ಸ್ಥಾನದಿಂದ 3 ಅಂಕಿ ತೆಗೆದು ಹಳ್ಳಿಯ ವೇರಿಯಬಲನ್ನು ಹೊಸದಾಗಿ ರಚಿಸಬೇಕು. ನಕಲು ಪಟ್ಟಿಯನ್ನು ರದ್ದುಪಡಿಸಿ ಗೌರವಧನವನ್ನು ಪೂರ್ತಿ ಬಿಡುಗಡೆ ಮಾಡಬೇಕು. ನಮ್ಮ ಮೇಲಿನ ‘ನಕಲು ದಾಖಲೆ’ ಆರೋಪವನ್ನು ಲಿಖಿತವಾಗಿ ಹಿಂಪಡೆಯಬೇಕು.

ಹಿಂದಿನ ಮನವಿಗಳಲ್ಲಿನ ಗುರುತಿನ ಚೀಟಿ, ಪ್ರಯಾಣ ಭತ್ಯೆ, ದತ್ತಾಂಶ ಕೊಠಡಿಯ ಫ್ಯಾನ್ ಹಾಗೂ ಕುಡಿಯುವ ನೀರಿನ ವಿಚಾರಗಳನ್ನೂ ಇದರೊಂದಿಗೆ ಪರಿಗಣಿಸಬೇಕು. ಅಂತೆಯೇ ಈ ದೋಷ ಪತ್ತೆ ಮಾಡಿದ, ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಮ್ಮಲ್ಲಿನ ಇಬ್ಬರನ್ನು ಖಾಲಿಯಿರುವ ದತ್ತಾಂಶ ಸಹಾಯಕ ಹುದ್ದೆಗಳಿಗೆ ಪರಿಗಣಿಸಿದರೆ ಸಮಿತಿಗೇ ಅನುಕೂಲ.

ಗೌರವಧನ ಕೈಸೇರುವವರೆಗೆ ಮುಂದಿನ ಸುತ್ತಿನ ನಮೂನೆಗಳನ್ನು ನಾವು ಸ್ವೀಕರಿಸುವುದಿಲ್ಲ ಎಂಬುದನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಮೀಕ್ಷಕರು (ಸಹಿಗಳನ್ನು ಲಗತ್ತಿಸಿದೆ)