‘ತಪ್ಪು’ ಎಂದ ಮೇಲೆ ಪುಟ ಏನು ಹೇಳಬೇಕು?

ಬೋಧನಾಭ್ಯಾಸದ ಅವಧಿಯಲ್ಲಿ ಆರನೇ ತರಗತಿಯ ಒಂದು ಗಣಿತ ಪಾಠವನ್ನು ವೀಕ್ಷಿಸುತ್ತಿದ್ದೆ. ವಿಷಯ ಭಿನ್ನರಾಶಿಗಳ ಹೋಲಿಕೆ. ಪ್ರಶಿಕ್ಷಣಾರ್ಥಿ ತಾವೇ ಜಾವಾಸ್ಕ್ರಿಪ್ಟ್ ಕಲಿತು ತಯಾರಿಸಿದ ಪುಟವನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದರು. ‘1/3 ಮತ್ತು 1/4, ಇವುಗಳಲ್ಲಿ ಯಾವುದು ದೊಡ್ಡದು?’ ಎಂಬ ಪ್ರಶ್ನೆ, ಕೆಳಗೆ ಎರಡು ಬಟನ್. ಒಬ್ಬ ಹುಡುಗಿ 1/4 ಒತ್ತಿದಳು. ‘ತಪ್ಪು’ ಎಂಬ ಪೆಟ್ಟಿಗೆ ಎದ್ದು ನಿಂತಿತು. ಓಕೆ ಒತ್ತಿ, ಇನ್ನೊಂದು ಬಟನ್ ಒತ್ತಿದಳು. ‘ಸರಿ, ಶಹಬ್ಬಾಸ್!’ ಎಂದು ಬಂತು. ಮುಂದಿನ ಪ್ರಶ್ನೆ 1/5 ಮತ್ತು 1/8. ಅವಳು 1/8 ಒತ್ತಿದಳು. ಮತ್ತೆ ತಪ್ಪು, ಮತ್ತೆ ಇನ್ನೊಂದು ಬಟನ್, ಮತ್ತೆ ಶಹಬ್ಬಾಸ್. ಪಾಠ ಮುಗಿಯುವಾಗ ಎಲ್ಲ ಮಕ್ಕಳೂ ಎಲ್ಲ ಪ್ರಶ್ನೆಗಳಿಗೂ ‘ಸರಿ’ ಪಡೆದಿದ್ದರು. ವೀಕ್ಷಣಾ ನಮೂನೆಯ ‘ತಂತ್ರಜ್ಞಾನದ ಬಳಕೆ’ ಎಂಬ ಕಲಮಿನಲ್ಲಿ ನಾನು ಪೂರ್ಣ ಅಂಕ ಕೊಟ್ಟೆ.

ಆ ಅಂಕ ಕೊಡಬಾರದಿತ್ತು. ನಾಲ್ಕು ಮೂರಕ್ಕಿಂತ ದೊಡ್ಡದು, ಆದ್ದರಿಂದ 1/4 ಕೂಡ ದೊಡ್ಡದು ಎಂಬ ಆ ಹುಡುಗಿಯ ಕಲ್ಪನೆ ಪಾಠದ ಮೊದಲು ಹೇಗಿತ್ತೋ ಪಾಠದ ನಂತರವೂ ಹಾಗೆಯೇ ಇತ್ತು. ಅವಳು ಹೊಸದಾಗಿ ಕಲಿತದ್ದು ಒಂದೇ: ಒಂದು ಬಟನ್ ತಪ್ಪಾದರೆ ಇನ್ನೊಂದನ್ನು ಒತ್ತಬೇಕು.

ಇದರಲ್ಲಿ ಪ್ರಶಿಕ್ಷಣಾರ್ಥಿಯ ತಪ್ಪಿಗಿಂತ ಒಂದು ಹಳೆಯ ರೂಢಿಯ ಪಾಲು ಹೆಚ್ಚು. ಜಾವಾಸ್ಕ್ರಿಪ್ಟ್ ಬಂದದ್ದು 1995ರಲ್ಲಿ, ನೆಟ್‌ಸ್ಕೇಪ್ ಬ್ರೌಸರ್‌ಗಾಗಿ. ಆರಂಭದ ದಿನಗಳಲ್ಲಿ ಅದಕ್ಕೆ ವಹಿಸಿದ ಮುಖ್ಯ ಕೆಲಸಗಳಲ್ಲಿ ಒಂದು, ಅರ್ಜಿ ನಮೂನೆಯನ್ನು ಸರಿಯಾಗಿ ತುಂಬಿದ್ದಾರೆಯೇ ಎಂದು ಅಲ್ಲಿಯೇ ಪರೀಕ್ಷಿಸುವುದು. ಅರ್ಜಿಗೆ ‘ಸರಿ’ ಅಥವಾ ‘ತಪ್ಪು’ ಎಂಬ ಉತ್ತರ ಸಾಕು. ಜಾವಾಸ್ಕ್ರಿಪ್ಟ್ ಕಲಿಸುವ ಮೊದಲ ಪಾಠಗಳಲ್ಲಿ ಇಂದಿಗೂ ‘ಅಲರ್ಟ್’ ಬರುತ್ತದೆ. ಅದನ್ನೇ ನಾವು ತರಗತಿಗೂ ತರುತ್ತೇವೆ. ಮಗುವಿನ ಉತ್ತರ ಅರ್ಜಿಯಲ್ಲ. ಅದರ ಹಿಂದೆ ಒಂದು ಯೋಚನೆ ಇರುತ್ತದೆ, ಪುಟ ಉತ್ತರಿಸಬೇಕಾದದ್ದು ಆ ಯೋಚನೆಗೆ.

ಇದಕ್ಕೆ ದೊಡ್ಡ ತಂತ್ರಗಳು ಬೇಕಿಲ್ಲ. ಮೊದಲನೆಯದಾಗಿ ಅಲರ್ಟ್ ಬಿಡಿ. ಅದು ಓಕೆ ಒತ್ತುವವರೆಗೆ ಇಡೀ ಪುಟವನ್ನು ತಡೆಹಿಡಿಯುತ್ತದೆ, ಒತ್ತಿದೊಡನೆ ಮಾಯವಾಗುತ್ತದೆ. ಬದಲಿಗೆ ಪ್ರಶ್ನೆಯ ಕೆಳಗೇ ಒಂದು ಖಾಲಿ ಜಾಗವಿಟ್ಟು, ಅದರ ‘ಟೆಕ್ಸ್ಟ್‌ಕಂಟೆಂಟ್’ ಬದಲಾಯಿಸಿ. ಮಾತು ಮಗುವಿನ ಕಣ್ಣ ಮುಂದೆ ಉಳಿಯುತ್ತದೆ. ಪ್ರತಿ ತಪ್ಪು ಉತ್ತರಕ್ಕೂ ಅದರದ್ದೇ ಸುಳಿವನ್ನು ಬರೆದಿಡಿ: ‘ಒಂದು ರೊಟ್ಟಿಯನ್ನು ಮೂರು ಜನ ಹಂಚಿಕೊಂಡರೆ ಹೆಚ್ಚು ಸಿಗುತ್ತದೆಯೇ, ನಾಲ್ಕು ಜನ ಹಂಚಿಕೊಂಡರೆ?’

ಎರಡನೆಯದು, ಮಗುವಿನ ಕೈಗೆ ಏನಾದರೂ ಕೊಡಿ. ಎಳೆಯುವ ಒಂದು ಸ್ಲೈಡರ್ ಇಟ್ಟು ಛೇದವನ್ನು 2ರಿಂದ 10ರವರೆಗೆ ಬದಲಾಯಿಸಲು ಬಿಡಿ. ‘ಇನ್‌ಪುಟ್’ ಎಂಬ ಇವೆಂಟ್‌ಗೆ ಕಿವಿಗೊಟ್ಟರೆ ಎಳೆಯುತ್ತಿರುವಾಗಲೇ ಪುಟ ಸ್ಪಂದಿಸುತ್ತದೆ. ‘ಚೇಂಜ್’ ಆದರೆ ಕೈ ಬಿಟ್ಟ ಮೇಲೆ. ಬಣ್ಣದ ಪಟ್ಟಿಯ ಅಗಲವನ್ನು ‘100 ಭಾಗಿಸು ಛೇದ’ ಶೇಕಡಾ ಎಂದು ಕೊಟ್ಟರೆ ಮುಗಿಯಿತು. ಛೇದ ದೊಡ್ಡದಾದಂತೆ ಪಟ್ಟಿ ಚಿಕ್ಕದಾಗುವುದನ್ನು ಮಗು ತನ್ನ ಬೆರಳಿನಿಂದಲೇ ಕಾಣುತ್ತದೆ.

ಮೂರನೆಯದು, ಮೊದಲ ಪ್ರಯತ್ನವನ್ನು ದಾಖಲಿಸಿ. ಪ್ರತಿ ಪ್ರಶ್ನೆಗೆ ಮೊದಲು ಒತ್ತಿದ ಉತ್ತರವನ್ನು ಒಂದು ಅರೇಯಲ್ಲಿ ಸೇರಿಸುತ್ತ ಹೋಗಿ ಕೊನೆಯಲ್ಲಿ ತೋರಿಸಿದರೆ, ಯಾವ ಕಲ್ಪನೆಯನ್ನು ಮತ್ತೆ ಕಲಿಸಬೇಕು ಎಂಬುದು ಶಿಕ್ಷಕರಿಗೆ ತಿಳಿಯುತ್ತದೆ. ಮಕ್ಕಳ ಹೆಸರು ಅದರಲ್ಲಿ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ಪುಟವೇ ತಪ್ಪು ಹೇಳಬಹುದು. ಮಗು ಟೈಪ್ ಮಾಡಿದ್ದು ಜಾವಾಸ್ಕ್ರಿಪ್ಟ್‌ಗೆ ಅಕ್ಷರಗಳಾಗಿ ತಲುಪುತ್ತದೆ, ಸಂಖ್ಯೆಯಾಗಿ ಅಲ್ಲ. ಹಾಗೆಯೇ ಕೂಡಿಸಿದರೆ 2 ಮತ್ತು 3 ಸೇರಿ 23 ಆಗುತ್ತದೆ. ಹಾಗೆಯೇ ಹೋಲಿಸಿದರೆ 10ಕ್ಕಿಂತ 9 ದೊಡ್ಡದಾಗುತ್ತದೆ. ಆದ್ದರಿಂದ ‘ನಂಬರ್’ ಬಳಸಿ ಸಂಖ್ಯೆಗೆ ಪರಿವರ್ತಿಸಬೇಕು. ಆದರೆ ಆ ‘ನಂಬರ್’ಗೆ ಕನ್ನಡ ಅಂಕಿ ಗೊತ್ತಿಲ್ಲ. ಮಗು ‘೫’ ಎಂದು ಬರೆದರೆ ಅದು ಸಂಖ್ಯೆಯೇ ಅಲ್ಲ ಎನ್ನುತ್ತದೆ, ಸರಿಯುತ್ತರಕ್ಕೆ ‘ತಪ್ಪು’ ಎಂಬ ಮುದ್ರೆ ಬೀಳುತ್ತದೆ. ೦ಯಿಂದ ೯ರವರೆಗಿನ ಅಂಕಿಗಳನ್ನು ಮೊದಲು 0ಯಿಂದ 9ಕ್ಕೆ ಬದಲಾಯಿಸುವ ಎರಡು ಮೂರು ಸಾಲು ಬರೆದರೆ ಈ ಅನ್ಯಾಯ ತಪ್ಪುತ್ತದೆ. ತನ್ನ ಭಾಷೆಯ ಅಂಕಿಯಲ್ಲಿ ಸರಿಯಾಗಿ ಬರೆದ ಮಗುವಿಗೆ ಯಂತ್ರ ‘ತಪ್ಪು’ ಎಂದರೆ, ಮಗು ಯಂತ್ರವನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸುತ್ತದೆ.

ಇಷ್ಟಕ್ಕೆ ಕಂಪ್ಯೂಟರ್ ಏಕೆ, ಕಾಗದದ ಪಟ್ಟಿ ಸಾಲದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅರ್ಧ, ಕಾಲು, ಎಂಟನೇ ಒಂದು ಭಾಗಗಳನ್ನು ಕಾಗದ ಮಡಚಿಯೇ ಕಲಿಸಬೇಕು. ಮೊದಲು ಅದೇ ಆಗಲಿ. ಆದರೆ ಏಳು ಅಥವಾ ಒಂಬತ್ತು ಸಮಭಾಗಗಳಾಗಿ ಮಡಚುವುದು ಮಕ್ಕಳಿಗೆ ಕಷ್ಟ. ನಲವತ್ತು ಮಕ್ಕಳ ನಲವತ್ತು ಮೊದಲ ಉತ್ತರಗಳನ್ನು ನೆನಪಿಡುವುದು ಶಿಕ್ಷಕರಿಗೂ ಕಷ್ಟ. ಕಾಗದ ಸೋಲುವಲ್ಲಿ ಪುಟ ಬರಲಿ. ಇಂಥ ಪುಟವನ್ನು ಒಂದೇ ಕಡತವಾಗಿ ಬರೆದಿಟ್ಟರೆ ಇಂಟರ್‌ನೆಟ್ ಇಲ್ಲದ ಶಾಲೆಯಲ್ಲೂ ಪೆನ್‌ಡ್ರೈವ್‌ನಿಂದ ತೆರೆದುಕೊಳ್ಳುತ್ತದೆ.

ಬದಲಾಗಬೇಕಾದದ್ದು ನಮ್ಮ ವೀಕ್ಷಣಾ ನಮೂನೆಯೂ ಹೌದು. ‘ತಂತ್ರಜ್ಞಾನ ಬಳಸಿದ್ದಾರೆಯೇ?’ ಎಂದು ಕೇಳುವವರೆಗೆ ಪ್ರಶಿಕ್ಷಣಾರ್ಥಿಗಳು ಕುಣಿಯುವ ಅಕ್ಷರಗಳನ್ನೂ ಚಪ್ಪಾಳೆಯ ಸದ್ದನ್ನೂ ತರುತ್ತಲೇ ಇರುತ್ತಾರೆ. ಆ ಕಲಮಿನ ಜಾಗದಲ್ಲಿ ಮೂರು ಪ್ರಶ್ನೆಗಳು ಬರಲಿ. ತಪ್ಪು ಉತ್ತರ ಬಂದಾಗ ಪುಟ ಏನು ಹೇಳಿತು? ಆನಂತರ ಮಗು ಏನು ಮಾಡಿತು? ಮಗು ಮೊದಲು ಕೊಟ್ಟ ಉತ್ತರ ಶಿಕ್ಷಕರಿಗೆ ತಿಳಿಯಿತೇ?

ಈ ಮೂರು ಪ್ರಶ್ನೆಗಳನ್ನು ಅಂದು ನಾನು ಕೇಳಿಕೊಂಡಿದ್ದರೆ, ಪಾಠ ಮುಗಿದ ಮೇಲಿನ ಚರ್ಚೆಯಲ್ಲಿ ಪುಟದ ಅಂದದ ಬಗ್ಗೆ ಮಾತನಾಡುತ್ತಿರಲಿಲ್ಲ, ಆ ಹುಡುಗಿಯ ಬಗ್ಗೆ ಮಾತನಾಡುತ್ತಿದ್ದೆವು.