ದವಾಖಾನೆಯಲ್ಲಿ ಸೂಜಿ ಹಿಡಿದ ಕೈ ಯಾರದು?

ಹೂಲಿ ಮತ್ತು ಸುತ್ತಲಿನ ಹಳ್ಳಿಗಳ ಭಕ್ತರು ಜ್ವರ, ಮೈಕೈ ನೋವು ಎಂದಾಗ ಸವದತ್ತಿಗೋ ಬೈಲಹೊಂಗಲಕ್ಕೋ ಹೋಗಿ ಖಾಸಗಿ ದವಾಖಾನೆಯಲ್ಲಿ ಸರದಿಗಾಗಿ ಕುಳಿತುಕೊಳ್ಳುವುದು ವಾಡಿಕೆ. ವೈದ್ಯರು ಪರೀಕ್ಷಿಸಿ, ಚೀಟಿ ಬರೆದು, ಮುಂದಿನ ರೋಗಿಯನ್ನು ಕರೆಯುತ್ತಾರೆ. ಸೂಜಿ ಮಾಡುವುದು, ಸಲೈನ್ ಏರಿಸುವುದು, ಗುಳಿಗೆ ಎಣಿಸಿ ಕೊಡುವುದು ಬಹುಮಟ್ಟಿಗೆ ಬೇರೊಬ್ಬರ ಕೆಲಸ. ಅವರು ನರ್ಸಿಂಗ್ ಓದಿದವರೇ, ಇಲ್ಲವೇ ಶಾಲೆ ಬಿಟ್ಟು ಅಲ್ಲಿಯೇ ನೋಡಿ ಕಲಿತವರೇ ಎಂದು ಯಾರೂ ವಿಚಾರಿಸುವುದಿಲ್ಲ. ಬಿಳಿಯ ಕೋಟು ತೊಟ್ಟ ಹೆಣ್ಣುಮಗಳು ‘ಸಿಸ್ಟರ್’, ಗಂಡಸಾದರೆ ‘ಕಂಪೌಂಡರ್’. ಈ ರೂಢಿ ನಿಲ್ಲಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

‘ಹತ್ತು ವರ್ಷದಿಂದ ಮಾಡುತ್ತಿದ್ದಾರೆ, ಕೈ ಪಳಗಿದೆ’ ಎಂಬ ಸಮಾಧಾನ ಸಾಮಾನ್ಯವಾಗಿ ಕೇಳಿಬರುತ್ತದೆ. ಚುಚ್ಚುವ ಕೈ ಪಳಗಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪೃಷ್ಠದ ಮೇಲ್ಭಾಗದ ಹೊರಮೂಲೆಯಲ್ಲಿಯೇ ಏಕೆ ಚುಚ್ಚಬೇಕು, ಸ್ವಲ್ಪ ಕೆಳಗೆ ಸರಿದರೆ ಕಾಲಿಗೆ ಹೋಗುವ ದೊಡ್ಡ ನರಕ್ಕೆ ಪೆಟ್ಟಾಗಿ ಪಾದವೇ ಜೋತುಬೀಳಬಹುದು ಎಂಬುದನ್ನು ಓದಿಯೇ ತಿಳಿಯಬೇಕು. ಪೆನ್ಸಿಲಿನ್‌ನಂತಹ ಔಷಧಿ ಒಗ್ಗದವರಿಗೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆಗ ತಡಮಾಡದೆ ಅಡ್ರಿನಲಿನ್ ಕೊಡಬೇಕು. ನಿಜವಾದ ಅಪಾಯ ಸೂಜಿ ಚುಚ್ಚಿದ ನಂತರದ ಆ ಕೆಲವು ನಿಮಿಷಗಳಲ್ಲಿದೆ.

ನಮ್ಮ ನೆರೆಯ ರಾಮದುರ್ಗ ತಾಲ್ಲೂಕಿನ ಘಟನೆಯನ್ನು ಮರೆಯುವಂತಿಲ್ಲ. 2022ರ ಜನವರಿಯಲ್ಲಿ ಅಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ಅಸುನೀಗಿದವು. ಲಸಿಕೆಯ ಸೀಸೆಗಳನ್ನು ಹೋಟೆಲೊಂದರ ಫ್ರಿಜ್‌ನಲ್ಲಿ ಇರಿಸಲಾಗಿತ್ತೆಂದು ಪ್ರಾಥಮಿಕ ವಿಚಾರಣೆಯಲ್ಲಿ ಕಂಡುಬಂದು, ಸರ್ಕಾರಿ ಆರೋಗ್ಯ ಸಹಾಯಕಿ ಮತ್ತು ಫಾರ್ಮಾಸಿಸ್ಟ್ ಅಮಾನತುಗೊಂಡರು. ಈ ಲಸಿಕೆಯ ಪುಡಿಗೆ ದ್ರವ ಬೆರೆಸಿದ ಮೇಲೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ತಪ್ಪಿದರೆ ಅದರಲ್ಲಿ ರೋಗಾಣು ಬೆಳೆದು ವಿಷವಾಗಬಲ್ಲದು. ತರಬೇತಿ ಪಡೆದ ಸರ್ಕಾರಿ ಸಿಬ್ಬಂದಿ ಇದ್ದಲ್ಲಿಯೇ ಹೀಗಾಯಿತೆಂದರೆ, ನಿಯಮದ ಹೆಸರನ್ನೇ ಕೇಳದವರ ಕೈಗೆ ಸೀಸೆ ಕೊಟ್ಟಾಗ ಏನಾದೀತು?

ಕಾನೂನಿನಲ್ಲಿ ಗೊಂದಲವಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿಯೊಂದು ದವಾಖಾನೆಯೂ ನೋಂದಣಿಯಾಗಿರಬೇಕು, ಪ್ರಮಾಣಪತ್ರವನ್ನು ಎದ್ದುಕಾಣುವಂತೆ ತೂಗುಹಾಕಿರಬೇಕು. ಶುಶ್ರೂಷಕಿಯರು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. 1948ರ ಫಾರ್ಮಸಿ ಕಾಯ್ದೆಯಂತೆ ವೈದ್ಯರು ತಮ್ಮ ರೋಗಿಗೆ ತಾವೇ ಔಷಧಿ ಕೊಡಬಹುದು. ಅವರ ಚೀಟಿ ನೋಡಿ ಔಷಧಿ ಕೊಡುವ ಕೆಲಸ ನೋಂದಾಯಿತ ಫಾರ್ಮಾಸಿಸ್ಟರದು. ಸಹಾಯಕರು ಎಡವಿದರೆ ಹೊಣೆಯು ಅವರನ್ನು ನೇಮಿಸಿಕೊಂಡವರ ತಲೆಯ ಮೇಲೂ ಬರುತ್ತದೆ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಣ ಪಡೆದು ನೀಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದ ಮೇಲೆ ‘ಅದು ಹುಡುಗನ ತಪ್ಪು’ ಎಂಬ ಮಾತು ವೈದ್ಯರನ್ನು ಕಾಯಲಾರದು.

ವೈದ್ಯರ ಕಷ್ಟವೂ ನಮಗೆ ತಿಳಿಯದ್ದಲ್ಲ. ಓದಿದ ನರ್ಸ್‌ಗಳು ಬೆಳಗಾವಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳತ್ತ ಮುಖಮಾಡುತ್ತಾರೆ. ಹಾಗೆಂದು ಓದದ ಸಹಾಯಕರನ್ನು ಹೊರಗಟ್ಟಿರೆಂದು ನಾವು ಹೇಳುವುದಿಲ್ಲ. ಹೆಸರು ಬರೆದುಕೊಳ್ಳುವುದು, ತೂಕ ನೋಡುವುದು, ಜ್ವರ ಅಳೆಯುವುದು, ಸರದಿ ನೋಡಿಕೊಳ್ಳುವುದು ಗೌರವದ ಕಾಯಕವೇ ಸರಿ. ಅವರ ಕೆಲಸದ ಎಲ್ಲೆಯನ್ನು ಬರೆದು ಗೋಡೆಗೆ ಅಂಟಿಸಲಿ. ಸೂಜಿ ಮತ್ತು ಸಲೈನ್ ಆ ಎಲ್ಲೆಯ ಹೊರಗಿರಲಿ. ವೈದ್ಯರು ದವಾಖಾನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಚಿಕಿತ್ಸೆ ನಡೆಯದಿರಲಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಜನಸಾಗರ ಬಂದಾಗಲೂ ಈ ನಿಯಮ ಸಡಿಲವಾಗಬಾರದು.

ನೆಗಡಿಗೂ ಸೂಜಿ, ಸುಸ್ತಿಗೂ ಸಲೈನ್ ಬೇಡುವ ನಮ್ಮ ಜನರ ಹಟವು ಈ ರೂಢಿಗೆ ನೀರೆರೆಯುತ್ತಿದೆ. ಗುಳಿಗೆಯಿಂದ ಆಗುವ ಕೆಲಸಕ್ಕೆ ಗುಳಿಗೆಯನ್ನೇ ಕೇಳಿರಿ. ಸೂಜಿ ಬೇಕೇಬೇಕೆಂದರೆ, ‘ಡಾಕ್ಟರೇ, ತಾವೇ ಮಾಡಿರಿ, ಇಲ್ಲವೇ ಓದಿದ ನರ್ಸ್‌ರಿಂದ ಮಾಡಿಸಿರಿ’ ಎಂದು ವಿನಯದಿಂದ ಹೇಳಲು ಸಂಕೋಚ ಬೇಡ. ಉತ್ತರ ಸರಿಯಾಗಿ ಬಾರದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು.

ಇನ್ನೊಂದು ಮಾತು, ಮಕ್ಕಳನ್ನು ಇಂತಹ ಕೆಲಸಕ್ಕೆ ಕಳುಹಿಸಿರುವ ತಂದೆತಾಯಿಗಳಿಗೆ. ಬಳಸಿದ ಸೂಜಿ ಬೆರಳಿಗೆ ತಾಗಿದರೆ ರೋಗಿಯ ರಕ್ತದಲ್ಲಿರುವ ಹೆಪಟೈಟಿಸ್-ಬಿ ಅಥವಾ ಎಚ್‌ಐವಿ ಸೋಂಕು ಆ ಮಗುವಿಗೆ ಹತ್ತಬಹುದು. ಹೆಪಟೈಟಿಸ್-ಬಿಗೆ ಆರು ತಿಂಗಳ ಅವಧಿಯಲ್ಲಿ ಕೊಡುವ ಮೂರು ಡೋಸಿನ ಲಸಿಕೆಯುಂಟು. ಅದನ್ನು ಹಾಕಿಸಿದ್ದಾರೆಯೇ ಎಂದು ಮಾಲೀಕರನ್ನು ಇಂದೇ ಕೇಳಿರಿ.